ಬೆಂಕಿ, ಹೊಗೆ, ಉಗಿ ಮತ್ತು ನೀರು: ಸಣ್ಣ ದೋಣಿಯ ಸುರುಳಿ ಬಾಯ್ಲರನ್ನು ಕನ್ನಡದಲ್ಲಿ ವಿವರಿಸುವುದು

(ಆನ್‌ಲೈನ್ ವಿಚಾರಗೋಷ್ಠಿಯೊಂದರಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂತ ಭಾವಿಸ್ತೇನೆ. ಇಲ್ಲಿ ಮಳೆ ಜೋರು ಇದೆ, ನಡುವೆ ಸಂಪರ್ಕ ಕಡಿದುಹೋದರೆ ದಯವಿಟ್ಟು ಕ್ಷಮಿಸಿ.

ಇವತ್ತಿನ ಗೋಷ್ಠಿಯ ವಿಷಯ ಕನ್ನಡದ ಶಾಸ್ತ್ರಬರಹ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಬಾವಿಗೆ ಜಾಗ ನೋಡುವುದು, ಮನೆ ಕಟ್ಟುವುದು, ಅಡುಗೆ ಮಾಡುವುದು ಎಲ್ಲ ಇದೆ. ಮಂಗರಸನ 'ಸೂಪಶಾಸ್ತ್ರ' ಪೂರ್ತಿ ಅಡುಗೆಗೆ ಮೀಸಲು. ಅಂದರೆ 'ಇದನ್ನು ಹೀಗೆ ಮಾಡು' ಎಂದು ಹೇಳುವ ಬರಹ ಕನ್ನಡಕ್ಕೆ ಹೊಸದಲ್ಲ. ಆದರೆ ನಾನು ಇವತ್ತು ಹಳೆಯ ಗ್ರಂಥವನ್ನು ತಂದಿಲ್ಲ. ನಾನೇ ಬರೆದ, ತಪ್ಪಾಗಿ ಬರೆದ, ಒಂದು ವಾಕ್ಯವನ್ನು ತಂದಿದ್ದೇನೆ.

ನನ್ನ ಸೋದರಮಾವನಿಗೆ ಕಾಸರಗೋಡಿನ ಹತ್ತಿರ ಗ್ರಿಲ್ ಕೆಲಸದ ವರ್ಕ್‌ಶಾಪ್ ಉಂಟು. ಅವರಿಗೊಂದು ಹುಚ್ಚು: ನಾಲ್ಕು ಜನ ಕೂರುವ ಹಳೆಯ ಮರದ ದೋಣಿಗೆ ಉಗಿಯಂತ್ರ ಇಡಬೇಕು, ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಓಡಿಸಬೇಕು ಅಂತ. ಅದಕ್ಕೆ ಬೇಕಾದ ಬಾಯ್ಲರ್ ತಾನೇ ಕಟ್ಟಲು ಹೊರಟರು. ಅಲ್ಲಿ ಕೆಲಸ ಕಲಿಯುವ ಹುಡುಗರು ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದವರು. 'ನೀನು ಕನ್ನಡ ಎಂ.ಎ. ಅಲ್ವಾ, ಇವರಿಗೆ ಓದಿದರೆ ತಿಳಿಯುವ ಹಾಗೆ ಎರಡು ಪುಟ ಬರೆದುಕೊಡು' ಅಂದರು ಮಾವ. ನಾನು ಬರೆದೆ. ಅದರಲ್ಲಿ ಒಂದು ವಾಕ್ಯ: 'ಕೊಳವೆಯಿಂದ ಉಗಿ ಸೋರುವುದು ಕಂಡರೆ ದೂರ ಸರಿಯಿರಿ.'

ಮಾವ ಓದಿ ಹೇಳಿದರು: 'ಅಲ್ಲ ಮಾರಾಯ್ತಿ, ಸೋರುವ ಜಾಗದಲ್ಲಿ ಉಗಿ ಕಾಣ್ತದಾ?'

ಕಾಣುವುದಿಲ್ಲ. ಒತ್ತಡದಲ್ಲಿರುವ ಉಗಿ ಬಣ್ಣವಿಲ್ಲದ ಅನಿಲ. ಅದು ಹೊರಬಂದು ಗಾಳಿಯಲ್ಲಿ ತಣಿದು ಸಣ್ಣ ಹನಿಗಳಾದ ಮೇಲೆ ಬಿಳಿಯಾಗಿ ಕಾಣುತ್ತದೆ. ಬಿಳಿ ಕಂಡ ಕಡೆಯಿಂದ ದೂರ ಸರಿಯಲು ಹೋಗಿ, ಏನೂ ಕಾಣದ ಕಡೆಗೆ ಕೈಯಿಟ್ಟರೆ ಚರ್ಮವೇ ಸುಲಿದುಹೋದೀತು. ವ್ಯಾಕರಣದಲ್ಲಿ ನನ್ನ ವಾಕ್ಯ ಸರಿ ಇತ್ತು, ಕೆಲಸದಲ್ಲಿ ಅಪಾಯಕಾರಿ. ಅಲ್ಲಿಂದ ನಾನು ಬಾಯ್ಲರನ್ನೇ ಸರಿಯಾಗಿ ತಿಳಿದುಕೊಳ್ಳಬೇಕಾಯಿತು.

1. ಮೂರು ಭಾಷೆ, ಮೂರು ಹೆಸರು

ಕಾಸರಗೋಡಿನಲ್ಲಿ ಕೂತವರಿಗೆ ಒಂದು ಅನುಕೂಲ ಇದೆ. ಒಂದೇ ವಸ್ತುವಿಗೆ ಹಲವು ಭಾಷೆಯ ಹೆಸರು ದಿನವೂ ಕಿವಿಗೆ ಬೀಳುತ್ತದೆ. ರೈಲಿಗೆ ಮಲಯಾಳದಲ್ಲಿ ತೀವಂಡಿ, ಅಂದರೆ ಬೆಂಕಿಯ ಬಂಡಿ. ತಮಿಳಿನಲ್ಲಿ ಪುಗೈವಂಡಿ, ಹೊಗೆಯ ಬಂಡಿ. ಕನ್ನಡದಲ್ಲಿ ಹೊಗೆಬಂಡಿಯೂ ಉಂಟು, ಉಗಿಬಂಡಿಯೂ ಉಂಟು. ಹಡಗಿಗೆ ನಾವು ಉಗಿಹಡಗು ಅಂದರೆ ಮಲಯಾಳದವರು ಆವಿಕ್ಕಪ್ಪಲ್ ಅನ್ನುತ್ತಾರೆ.

ಒಂದೇ ಯಂತ್ರದ ಬೆಂಕಿಯನ್ನು ಒಬ್ಬರು ನೋಡಿದರು, ಹೊಗೆಯನ್ನು ಇನ್ನೊಬ್ಬರು, ಉಗಿಯನ್ನು ಮತ್ತೊಬ್ಬರು. ನೀರಿನ ಹೆಸರನ್ನು ಮಾತ್ರ ಯಾರೂ ಇಡಲಿಲ್ಲ. ಆದರೆ ಬಾಯ್ಲರ್ ನಡೆಸುವವನು ಗಳಿಗೆ ಗಳಿಗೆಗೂ ನೋಡಬೇಕಾದ್ದು ನೀರನ್ನೇ. ಸುರುಳಿ ಬಾಯ್ಲರಿನಲ್ಲಂತೂ ಇದು ಇನ್ನೂ ಹೆಚ್ಚು ನಿಜ. ಈ ಪ್ರಬಂಧದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಸುರುಳಿ ಬಾಯ್ಲರಿನ ಒಳ್ಳೆಯ ಗುಣ, ಕೆಟ್ಟ ಗುಣ ಎರಡೂ ಅದರಲ್ಲಿರುವ ನೀರಿನ ಪ್ರಮಾಣದಿಂದಲೇ ಬರುತ್ತವೆ. ಹಾಗಾಗಿ ಅದರ ವಿವರಣೆಯೂ ನೀರಿನಿಂದಲೇ ಶುರುವಾಗಬೇಕು.

2. ಹಂಡೆ ಮತ್ತು ಸುರುಳಿ

ನಮ್ಮ ಬಚ್ಚಲಿನ ತಾಮ್ರದ ಹಂಡೆಯನ್ನು ನೆನಪಿಸಿಕೊಳ್ಳಿ. ಒಲೆಗೆ ಕೊತ್ತಳಿಗೆ, ಮಡಲು, ಗೆರಟೆ ತುರುಕುತ್ತೇವೆ. ಬೆಂಕಿ ತಾಗುವುದು ಹಂಡೆಯ ತಳಕ್ಕೆ, ಸ್ವಲ್ಪ ಬದಿಗೆ. ಒಳಗೆ ತುಂಬಾ ನೀರು, ಬೆಂಕಿ ತಾಗುವ ಜಾಗ ಕಡಿಮೆ. ಹಾಗಾಗಿ ಕಾಯಲು ಹೊತ್ತು ಬೇಕು.

ಮೊದಲ ಕಾಲದ ಬಾಯ್ಲರುಗಳೂ ದೊಡ್ಡ ಮುಚ್ಚಿದ ಹಂಡೆಗಳೇ. ಆಮೇಲೆ ಬೆಂಕಿ ತಾಗುವ ಜಾಗ ಹೆಚ್ಚಿಸಲು ಎರಡು ದಾರಿ ಕಂಡುಕೊಂಡರು. ಒಂದು, ನೀರಿನ ನಡುವೆ ಕೊಳವೆಗಳನ್ನು ಹಾಯಿಸಿ ಅವುಗಳೊಳಗೆ ಬಿಸಿ ಹೊಗೆಯನ್ನು ಬಿಡುವುದು. ಹಳೆಯ ರೈಲು ಎಂಜಿನುಗಳು ಹೀಗೆ. ಇನ್ನೊಂದು ಇದರ ತಲೆಕೆಳಗು: ನೀರನ್ನು ಕೊಳವೆಯೊಳಗೆ ಬಿಟ್ಟು, ಕೊಳವೆಯನ್ನೇ ಬೆಂಕಿಯಲ್ಲಿ ಇಡುವುದು. ಇದು ನೀರ್ಗೊಳವೆ ಬಾಯ್ಲರ್. ಅಮೆರಿಕದ ಜಾನ್ ಸ್ಟೀವನ್ಸ್ 1804ರಲ್ಲೇ 'ಲಿಟಲ್ ಜೂಲಿಯಾನಾ' ಎಂಬ ಸಣ್ಣ ದೋಣಿಗೆ ನೀರ್ಗೊಳವೆಗಳ ಬಾಯ್ಲರ್ ಇಟ್ಟು ಹಡ್ಸನ್ ನದಿಯಲ್ಲಿ ಓಡಿಸಿದ. ಕೊಳವೆಯನ್ನು ಸುರುಳಿ ಸುತ್ತಿದ ಬಾಯ್ಲರಿಗೆ ಹೆಸರು ತಂದವರು ರೋಡ್ ಐಲೆಂಡಿನ ಹೆರೆಷಾಫ್ ಸೋದರರು. 1876ರಲ್ಲಿ ಅವರು ಅಮೆರಿಕದ ನೌಕಾಪಡೆಗೆ ಕಟ್ಟಿಕೊಟ್ಟ 'ಲೈಟ್ನಿಂಗ್' ಎಂಬ ಟಾರ್ಪಿಡೊ ದೋಣಿಯಲ್ಲಿ ಸುರುಳಿ ಬಾಯ್ಲರೇ ಇತ್ತು. ಆ ಸೋದರರಲ್ಲಿ ದೋಣಿ ಕಟ್ಟುವ ಉದ್ಯಮವನ್ನು ಮುನ್ನಡೆಸಿದ ಜಾನ್ ಹೆರೆಷಾಫ್ ಕುರುಡರು.

ಸುರುಳಿ ಯಾಕೆ? ಕಡಿಮೆ ಜಾಗದಲ್ಲಿ ಉದ್ದದ ಕೊಳವೆ ಹಿಡಿಸುತ್ತದೆ. ಕಾದಾಗ ಲೋಹ ಹಿಗ್ಗುತ್ತದೆ. ನೇರ ಕೊಳವೆಯ ಎರಡೂ ತುದಿ ಬಿಗಿದಿದ್ದರೆ ಬೆಸುಗೆ ಬಿಡಬಹುದು, ಸುರುಳಿಯಾದರೆ ಸ್ಪ್ರಿಂಗಿನ ಹಾಗೆ ಹಿಗ್ಗಿಕೊಳ್ಳುತ್ತದೆ. ಮೂರನೆಯದು ಒತ್ತಡದ ಮಾತು. ಒಳಗಿನ ಒತ್ತಡ ಒಂದೇ ಆದರೂ ಪಾತ್ರೆಯ ವ್ಯಾಸ ಹೆಚ್ಚಿದಷ್ಟೂ ಗೋಡೆಯ ಮೇಲೆ ಎಳೆತ ಹೆಚ್ಚು. 10 ಮಿ.ಮೀ. ಒಳವ್ಯಾಸದ ಕೊಳವೆಗೂ 150 ಮಿ.ಮೀ. ವ್ಯಾಸದ ಡ್ರಮ್ಮಿಗೂ ಒಂದೇ ದಪ್ಪದ ಗೋಡೆ ಇದ್ದರೆ, ಡ್ರಮ್ಮಿನ ಗೋಡೆ ಹದಿನೈದು ಪಟ್ಟು ಎಳೆತ ತಡೆಯಬೇಕು. ಹಾಗಾಗಿ ತೆಳ್ಳಗಿನ ಸಣ್ಣ ಕೊಳವೆ ದೊಡ್ಡ ಒತ್ತಡವನ್ನು ಸುಲಭವಾಗಿ ತಾಳುತ್ತದೆ.

3. ಐದು ನಿಮಿಷದ ಲೆಕ್ಕ

ಈಗ ಸ್ವಲ್ಪ ಲೆಕ್ಕ. ಸಾಹಿತ್ಯದವರು ಹೆದರಬೇಡಿ, ನನಗೆ ಅರ್ಥವಾದದ್ದು ನಿಮಗೂ ಆಗುತ್ತದೆ.

ನಾಲ್ಕು ಜನರ ದೋಣಿಗೆ ಎರಡು ಹಾರ್ಸ್‌ಪವರ್ ಸಾಕು ಅಂತ ಇಟ್ಟುಕೊಳ್ಳೋಣ. ಸಣ್ಣ ಸಾದಾ ಉಗಿಯಂತ್ರ ಒಂದು ಹಾರ್ಸ್‌ಪವರಿಗೆ ಗಂಟೆಗೆ ಸುಮಾರು 15 ಕಿಲೋ ಉಗಿ ಕುಡಿಯುತ್ತದೆ. ಅಂದರೆ ಗಂಟೆಗೆ 30 ಕಿಲೋ. ನಿಮಿಷಕ್ಕೆ ಅರ್ಧ ಲೀಟರ್ ನೀರು ಉಗಿಯಾಗಬೇಕು. ಬೆಂಕಿ ತಾಗುವ ಒಂದು ಚದರ ಮೀಟರ್ ಜಾಗದಿಂದ ಗಂಟೆಗೆ 25 ಕಿಲೋ ಉಗಿ ಅಂತ ಲೆಕ್ಕ ಹಿಡಿದರೆ 1.2 ಚದರ ಮೀಟರ್ ಬೇಕು. ಹೊರವ್ಯಾಸ 12 ಮಿ.ಮೀ. ಇರುವ ಕೊಳವೆಯಾದರೆ ಸುಮಾರು 32 ಮೀಟರ್ ಉದ್ದ.

ಆ 32 ಮೀಟರ್ ಕೊಳವೆಯೊಳಗೆ ಹಿಡಿಯುವ ನೀರು ಎಷ್ಟು? ಒಳವ್ಯಾಸ 10 ಮಿ.ಮೀ. ಆದರೆ ಎರಡೂವರೆ ಲೀಟರ್, ಅಷ್ಟೇ. ನಿಮಿಷಕ್ಕೆ ಅರ್ಧ ಲೀಟರಿನಂತೆ ಅದು ಐದು ನಿಮಿಷದಲ್ಲಿ ಖಾಲಿ.

ಹೊಳೆಯ ನಡುವೆ ಪಂಪ್ ಕಟ್ಟಿಕೊಂಡರೆ, ಒಬ್ಬರು ಪೋನಿನಲ್ಲಿ ಮಾತಾಡ್ತಾ ನೋಡದೆ ಇದ್ದರೆ, ಐದು ನಿಮಿಷ ಏನೂ ಅಲ್ಲ. ನೀರಿಲ್ಲದ ಕೊಳವೆ ಬೆಂಕಿಯಲ್ಲಿ ಕೆಂಪಾಗಿ ಮೆದುವಾಗುತ್ತದೆ. ಇದು ಸುರುಳಿಯ ಕೆಟ್ಟ ಗುಣ.

ಒಳ್ಳೆಯ ಗುಣವೂ ಅದೇ ಲೆಕ್ಕದಲ್ಲಿ ಇದೆ. ಬಾಯ್ಲರ್ ಸಿಡಿದಾಗ ಹಾನಿ ಮಾಡುವುದು ಮುಖ್ಯವಾಗಿ ಅದರೊಳಗಿನ ಬಿಸಿನೀರು. 7 ಕಿಲೋ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 170 ಡಿಗ್ರಿಯವರೆಗೆ ಕಾದಿರುತ್ತದೆ. ಪಾತ್ರೆ ಒಡೆದು ಒತ್ತಡ ಒಮ್ಮೆಲೇ ಇಳಿದರೆ ಆ ನೀರಿನ ಎಂಟರಲ್ಲೊಂದು ಪಾಲು ಕ್ಷಣದಲ್ಲಿ ಉಗಿಯಾಗುತ್ತದೆ. ಒಂದು ಲೀಟರ್ ನೀರು ಹೊರಗಿನ ಗಾಳಿಯ ಒತ್ತಡದಲ್ಲಿ ಉಗಿಯಾದರೆ ಸುಮಾರು 1,600 ಲೀಟರ್ ಜಾಗ ಬೇಡುತ್ತದೆ. ನೂರಾರು ಲೀಟರ್ ನೀರಿರುವ ಬಾಯ್ಲರ್ ಒಡೆದರೆ ಏನಾಗುತ್ತದೆ ಅಂತ ಊಹಿಸಿ. 1865ರ ಏಪ್ರಿಲ್ 27ರಂದು ಮಿಸಿಸಿಪ್ಪಿ ನದಿಯಲ್ಲಿ 'ಸುಲ್ತಾನಾ' ಎಂಬ ಉಗಿದೋಣಿಯ ಬಾಯ್ಲರುಗಳು ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಎರಡೂವರೆ ಲೀಟರಿನ ಸುರುಳಿಯಲ್ಲಿ ಒಂದು ಕೊಳವೆ ಸೀಳಿದರೆ ಉಗಿ ಒಲೆಯೊಳಗೇ ನುಗ್ಗಿ ಬೆಂಕಿಯನ್ನು ಆರಿಸುವ ಸಾಧ್ಯತೆ ಹೆಚ್ಚು. ಆಗಲೂ ಒಲೆಯ ಬಾಗಿಲು ಮುಚ್ಚಿರಬೇಕು, ಅದರ ಎದುರು ಯಾರೂ ಕೂತಿರಬಾರದು.

4. ಕಟ್ಟುವ ಕ್ರಮ

ಒಂದೇ ಉದ್ದದ ಕೊಳವೆಯಾದರೆ ಒಂದು ತುದಿಯಲ್ಲಿ ನೀರು ತಳ್ಳಿ ಇನ್ನೊಂದು ತುದಿಯಲ್ಲಿ ಉಗಿ ಪಡೆಯಬಹುದು. ಫ್ರಾನ್ಸಿನ ಸೆರ್ಪೊಲೆ ಈ ದಾರಿ ಹಿಡಿದು ಉಗಿಕಾರು ಮಾಡಿ 1902ರಲ್ಲಿ ಗಂಟೆಗೆ 120 ಕಿ.ಮೀ. ಮೀರಿದ ವೇಗದಲ್ಲಿ ಓಡಿಸಿದ. ಆದರೆ ಅಲ್ಲಿ ನೀರು ಮತ್ತು ಬೆಂಕಿ ಕ್ಷಣಕ್ಷಣವೂ ಹೊಂದಿಕೊಳ್ಳಬೇಕು. ಗೆರಟೆಯ ಬೆಂಕಿಗೆ ಅಂಥ ಶಿಸ್ತು ಇಲ್ಲ. ಹಾಗಾಗಿ ಮಾವ ಇನ್ನೊಂದು ಕ್ರಮ ಆರಿಸಿದರು: ಮೇಲೆ ಒಂದು ಡ್ರಮ್, ಕೆಳಗೆ ನೀರು ಹಂಚುವ ಅಡ್ಡಕೊಳವೆ, ಎರಡರ ನಡುವೆ 4 ಮೀಟರಿನ 8 ಸುರುಳಿಗಳು. ಡ್ರಮ್ಮಿನಿಂದ ಅಡ್ಡಕೊಳವೆಗೆ ಬೆಂಕಿ ತಾಗದ ಹಾಗೆ ಹೊರಗಿನಿಂದ ಎರಡು ಇಳಿಕೊಳವೆ.

ಇದರಲ್ಲಿ ಪಂಪಿನ ಹಂಗಿಲ್ಲದೆ ನೀರು ಸುತ್ತುತ್ತದೆ. ಸುರುಳಿಯಲ್ಲಿ ಗುಳ್ಳೆ ಎದ್ದು ನೀರು ಹಗುರವಾಗಿ ಮೇಲೇರುತ್ತದೆ. ಇಳಿಕೊಳವೆಯಲ್ಲಿ ಗುಳ್ಳೆ ಇಲ್ಲದ ಭಾರದ ನೀರು ಕೆಳಗಿಳಿಯುತ್ತದೆ. ಡ್ರಮ್ಮಿನಲ್ಲಿ ಉಗಿ ಬೇರೆ, ನೀರು ಬೇರೆ ಆಗುತ್ತದೆ. 15 ಸೆಂ.ಮೀ. ವ್ಯಾಸದ, 50 ಸೆಂ.ಮೀ. ಉದ್ದದ ಡ್ರಮ್ಮಿನ ಅರ್ಧಕ್ಕೆ ನೀರಿದ್ದರೆ ಇನ್ನೂ 4.4 ಲೀಟರಿನಷ್ಟು ಕೂಡುತ್ತದೆ. ಐದು ನಿಮಿಷ ಇದ್ದದ್ದು ಹದಿಮೂರು ಹದಿನಾಲ್ಕು ನಿಮಿಷ ಆಯಿತು. ಡ್ರಮ್ಮು ಕೊಡುವುದು ಮುಖ್ಯವಾಗಿ ಈ ಎಂಟೊಂಬತ್ತು ನಿಮಿಷದ ಸಮಾಧಾನ.

ಸುತ್ತುವುದನ್ನು ಕಲಿಯಲು ಮೊದಲು ಫ್ರಿಜ್ ರಿಪೇರಿಯವರು ಬಳಸುವ ತಾಮ್ರದ ಕೊಳವೆ ತಂದೆವು. ಕೊಳವೆಯನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮೆದುವಾಗುತ್ತದೆ. ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ನಯ ಹೊಯಿಗೆ ತುಂಬಿ, ತಟ್ಟಿ ತಟ್ಟಿ ಗಟ್ಟಿ ಮಾಡಿ, ತುದಿ ಮುಚ್ಚಿ, ಒಂದು ದಪ್ಪ ಪೈಪಿನ ಸುತ್ತ ಸುತ್ತಬೇಕು. ಹೊಯಿಗೆ ಇಲ್ಲದಿದ್ದರೆ ಬಾಗಿದಲ್ಲಿ ಕೊಳವೆ ಚಪ್ಪಟೆಯಾಗುತ್ತದೆ. ಹೊಯಿಗೆ ಹಸಿ ಇದ್ದರೆ, ಕಾಯಿಸಿದಾಗ ಒಳಗಿನ ತೇವವೇ ಉಗಿಯಾಗಿ ಮುಚ್ಚಳ ಹಾರುತ್ತದೆ. ದೋಣಿಯ ಬಾಯ್ಲರಿಗೆ ಮಾತ್ರ ತಾಮ್ರ ಬೇಡ ಅಂದರು ಮಾವ. ನೀರು ತಪ್ಪಿದರೆ ತಾಮ್ರ ಬೇಗ ಬಲ ಕಳೆದುಕೊಳ್ಳುತ್ತದೆ. ಅದಕ್ಕೆ ಬೆಸುಗೆ ಗೆರೆ ಇಲ್ಲದ ಉಕ್ಕಿನ ಕೊಳವೆ. ರೇಡಿಯೊ ರಿಪೇರಿಯ ಸೀಸ-ತವರದ ಬೆಸುಗೆ ಎಲ್ಲಿಯೂ ಸಲ್ಲ. ಅದು 190 ಡಿಗ್ರಿಯ ಸುಮಾರಿಗೆ ಕರಗುತ್ತದೆ, ನಮ್ಮ ನೀರೇ 170ಕ್ಕೆ ಇರುತ್ತದೆ.

ಎಂಟೂ ಸುರುಳಿಯ ಉದ್ದ ಒಂದೇ ಇರಬೇಕು. ಇಲ್ಲದಿದ್ದರೆ ಸುಲಭದ ದಾರಿ ಇರುವ ಕೊಳವೆಗೆ ನೀರು ಹೆಚ್ಚು ಹೋಗಿ ಇನ್ನೊಂದು ಒಣಗುತ್ತದೆ. ಇನ್ನೊಂದು ಮುಖ್ಯ ಮಾತು: ಸುರುಳಿ ಕೆಳಗಿನಿಂದ ಮೇಲಕ್ಕೆ ಏರುತ್ತಲೇ ಹೋಗಬೇಕು, ಎಲ್ಲಿಯೂ ಇಳಿಯಬಾರದು. ನಮ್ಮ ಮೊದಲ ತಾಮ್ರದ ಸುರುಳಿಯಲ್ಲಿ ಒಂದು ಸುತ್ತು ತುಸು ಜೋತುಬಿದ್ದಿತ್ತು. ತುದಿ ತೆರೆದಿಟ್ಟು, ಒತ್ತಡ ಇಲ್ಲದೆ, ಸಣ್ಣ ಬೆಂಕಿಯಲ್ಲಿ ನೋಡಿದೆವು. ಆ ಜಾಗದ ಉಬ್ಬಿನಲ್ಲಿ ಉಗಿ ಸಿಕ್ಕಿಕೊಂಡು, ಆಮೇಲೆ ಒಮ್ಮೆಲೇ ಬಿಟ್ಟುಕೊಂಡು, ಬಿಸಿನೀರನ್ನು ಮಾರು ದೂರ ಕಾರಿತು. ಯಾರಿಗೂ ತಾಗಲಿಲ್ಲ. ಇದನ್ನು ಹುಡುಗರಿಗೆ ಹೇಗೆ ಹೇಳುವುದು ಅಂತ ಯೋಚಿಸ್ತಿದ್ದಾಗ ಮಾವನೇ ಹೇಳಿದರು: 'ತೋಟದಲ್ಲಿ ಅಡಿಕೆ ಮರದ ದಂಬೆ ಇಟ್ಟು ನೀರು ಹಾಯಿಸ್ತೇವಲ್ಲ, ಹಾಗೆ. ಅಲ್ಲಿ ನೀರಿಗೆ ಇಳಿಜಾರು, ಇಲ್ಲಿ ಗುಳ್ಳೆಗೆ ಏರುಜಾರು.' ನಾನು ಬರೆದಿದ್ದ 'ನಿರಂತರ ಊರ್ಧ್ವಮುಖ ಪ್ರವಣತೆ' ಎಂಬ ಮಾತನ್ನು ಅಲ್ಲೇ ಹೊಡೆದುಹಾಕಿದೆ.

ಕಟ್ಟಿ ಮುಗಿದ ಮೇಲೆ ಬೆಂಕಿ ಹಾಕುವ ಮೊದಲು ತಣ್ಣೀರ ಪರೀಕ್ಷೆ. ಒಳಗೆ ಒಂದಿಷ್ಟೂ ಗಾಳಿ ಉಳಿಯದ ಹಾಗೆ ನೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡು ಪಟ್ಟು ಏರಿಸಿ, ಅರ್ಧ ಗಂಟೆ ಮುಳ್ಳು ಇಳಿಯುತ್ತದಾ ನೋಡಬೇಕು. ಗಾಳಿಯಿಂದ ಈ ಪರೀಕ್ಷೆ ಯಾವ ಕಾರಣಕ್ಕೂ ಮಾಡಬಾರದು. ನೀರು ಹೆಚ್ಚು ಅದುಮಿಕೊಳ್ಳುವುದಿಲ್ಲ, ಹಾಗಾಗಿ ಒಡೆದರೂ ಚಿಮ್ಮಿ ನಿಲ್ಲುತ್ತದೆ. ಅದುಮಿದ ಗಾಳಿ ಸಿಡಿಯುತ್ತದೆ.

5. ಯಾವ ನೀರು, ಎಷ್ಟು ಗೆರಟೆ

ಹೊಳೆಯಲ್ಲೇ ದೋಣಿ ಇರುವಾಗ ನೀರಿಗೇನು ಬರ ಅಂತ ನಾನು ಕೇಳಿದ್ದೆ. ಚಂದ್ರಗಿರಿಯ ಅಳಿವೆಗೆ ಭರತದ ಹೊತ್ತಿಗೆ ಸಮುದ್ರದ ನೀರು ಏರುತ್ತದೆ. ಉಪ್ಪುನೀರನ್ನು ಕುದಿಸಿದರೆ ಉಗಿ ಹೋಗುತ್ತದೆ, ಉಪ್ಪು ಕೊಳವೆಯಲ್ಲೇ ಉಳಿಯುತ್ತದೆ. 10 ಮಿ.ಮೀ. ಕೊಳವೆ ಕಟ್ಟಲು ಎಷ್ಟು ಉಪ್ಪು ಬೇಕು? ಉಪ್ಪಿನ ಪದರ ಕೂತಲ್ಲಿ ಶಾಖ ನೀರಿಗೆ ದಾಟದೆ ಲೋಹವೇ ಕಾಯುತ್ತದೆ. ಸ್ಟೇನ್‌ಲೆಸ್ ಉಕ್ಕಾದರೂ ಬಿಸಿ ಉಪ್ಪುನೀರಿಗೆ ಬಿರುಕು ಬಿಡುವ ಭಯ ಇದೆ.

ನಮ್ಮ ಜಿಲ್ಲೆಗೆ ವರ್ಷಕ್ಕೆ 3,000 ಮಿ.ಮೀ. ಮಿಕ್ಕಿ ಮಳೆ. ಮಳೆನೀರಿನಲ್ಲಿ ಸುಣ್ಣದ ಅಂಶ ಇಲ್ಲ, ಬಾಯ್ಲರಿಗೆ ಒಳ್ಳೆಯದು. ಮುರಕಲ್ಲಿನ ಗುಡ್ಡದ ಸುರಂಗದ ನೀರೂ ಮೆದುವೇ. ಹೊಳೆಯ ನೀರನ್ನು ಬಾಯ್ಲರಿಗೆ ಹಾಕದೆ ಇನ್ನೊಂದು ಕೆಲಸಕ್ಕೆ ಬಳಸಬಹುದು: ಯಂತ್ರದಿಂದ ಹೊರಬಂದ ಉಗಿಯನ್ನು ದೋಣಿಯ ಅಡಿಯಲ್ಲಿ ಹಾಯುವ ಕೊಳವೆಯಲ್ಲಿ ತಣಿಸಿ ಮತ್ತೆ ನೀರಾಗಿಸುವುದು. ಆ ನೀರನ್ನು ಎಣ್ಣೆ ಸೋಸಿ ಮರಳಿ ಬಾಯ್ಲರಿಗೆ ಕಳಿಸಬೇಕು.

ಉರುವಲು ನಮ್ಮಲ್ಲಿ ಸಮೃದ್ಧ. ಒಂದು ಕಿಲೋ ತೆಂಗಿನ ಗೆರಟೆಯಲ್ಲಿ 18ರಿಂದ 20 ಮೆಗಾಜೂಲ್ ಶಾಖ ಇದೆ. ಅರ್ಧದಷ್ಟು ಶಾಖ ಹೊಗೆಯ ಜೊತೆ ಹೋಗುತ್ತದೆ ಅಂದುಕೊಂಡರೂ ಗಂಟೆಗೆ 8 ಕಿಲೋದಷ್ಟು ಗೆರಟೆ ಸಾಕು.

6. ನಾಣ್ಯದ ಸದ್ದು

ಬಾಯ್ಲರಿಗೆ ಕೆಲವು ಕಾವಲುಗಾರರು ಬೇಕು. ಉತ್ಪತ್ತಿಯಾಗುವ ಅಷ್ಟೂ ಉಗಿಯನ್ನು ಹೊರಬಿಡಬಲ್ಲ ಸೇಫ್ಟಿ ವಾಲ್ವ್. ಅದಕ್ಕೂ ಡ್ರಮ್ಮಿಗೂ ನಡುವೆ ಬೇರೆ ಯಾವ ವಾಲ್ವೂ ಇರಬಾರದು. ಒತ್ತಡ ತೋರಿಸುವ ಗೇಜ್. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ. ನೀರು ತುಂಬಲು ಎರಡು ದಾರಿ: ಯಂತ್ರವೇ ನಡೆಸುವ ಪಂಪ್ ಒಂದು, ಕೈಪಂಪ್ ಒಂದು.

ಇದರಲ್ಲಿ ಗಾಜಿನ ಕೊಳವೆಯ ಬಗ್ಗೆ ಬರೆಯುವಾಗ ನನಗೆ ಅಜ್ಜಿಯ ಅಟ್ಟಿನಳಗೆ ನೆನಪಾಯಿತು. ಇಡ್ಲಿ, ಕಡುಬು ಬೇಯಿಸುವಾಗ ಅಜ್ಜಿ ತಳದ ನೀರಿಗೆ ಒಂದು ನಾಣ್ಯ ಹಾಕುತ್ತಿದ್ದರು. ನೀರು ಕುದಿಯುವಷ್ಟು ಹೊತ್ತು ನಾಣ್ಯ ಗಲಗಲ ಅನ್ನುತ್ತದೆ. ಸದ್ದು ನಿಂತರೆ ನೀರು ಮುಗಿದಿದೆ ಅಂತ ಅರ್ಥ. ಮೇಲಿಂದ ಹಬೆ ಬರ್ತಾ ಇದೆಯಾ, ಒಲೆಯಲ್ಲಿ ಬೆಂಕಿ ಇದೆಯಾ ಎಂಬುದಕ್ಕಿಂತ ಒಳಗೆ ಕಾಣದ ನೀರು ಎಷ್ಟಿದೆ ಎಂಬುದು ಮುಖ್ಯ ಅಂತ ನಮ್ಮ ಅಡುಗೆಮನೆಗೆ ಗೊತ್ತಿತ್ತು. ಹೆಸರಿಡುವಾಗ ಮರೆತ ನೀರನ್ನು ಅಜ್ಜಿ ಮರೆತಿರಲಿಲ್ಲ.

ಕಾನೂನಿನ ಮಾತೂ ಹೇಳಬೇಕು. ಕಲ್ಕತ್ತೆಯಲ್ಲಿ 1863ರಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ 1864ರಲ್ಲಿ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. 1923ರಲ್ಲಿ ಇಡೀ ದೇಶಕ್ಕೆ ಬಾಯ್ಲರ್ ಕಾಯ್ದೆ. 2007ರ ತಿದ್ದುಪಡಿಯ ಪ್ರಕಾರ 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ. ಈಗ ಅದರ ಜಾಗಕ್ಕೆ 2025ರ ಕಾಯ್ದೆ ಬಂದಿದೆ. ನಮ್ಮ ಡ್ರಮ್ಮು, ಸುರುಳಿ ಎಲ್ಲ ಸೇರಿದರೂ 12 ಲೀಟರ್ ದಾಟುವುದಿಲ್ಲ. ಬಾಯ್ಲರ್ ಅಂತಲೇ ಗಣನೆಗೆ ಬಾರದ ವಸ್ತುವಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಆಗ ಕಟ್ಟಿದವನೇ ಇನ್‌ಸ್ಪೆಕ್ಟರ್ ಆಗಬೇಕು. ಅವನ ಕೈಯಲ್ಲಿರುವ ಎರಡು ಪುಟದ ಕನ್ನಡವೇ ಅವನಿಗೆ ರೂಲು. ದೋಣಿಯ ನೋಂದಣಿ, ಪರವಾನಗಿ ಬೇರೆ ವಿಷಯ. ಅದರ ಕಾಯ್ದೆಗೆ 1917ರಲ್ಲಿ ಒಳನಾಡಿನ 'ಉಗಿ' ನೌಕೆಗಳ ಕಾಯ್ದೆ ಎಂದೇ ಹೆಸರಿತ್ತು. ಉಗಿಯ ಕಾಲ ಮುಗಿದಾಗ ಹೆಸರಿನಿಂದ ಆ ಪದವೂ ಬಿದ್ದುಹೋಯಿತು.

7. ತಿದ್ದಿದ ವಾಕ್ಯಗಳು

ದಿನಬಳಕೆಯಲ್ಲಿ ಉಗಿ, ಹಬೆ, ಆವಿ ಮೂರೂ ಹೆಚ್ಚುಕಮ್ಮಿ ಒಂದೇ. ನನ್ನ ಎರಡು ಪುಟದಲ್ಲಿ ಮಾತ್ರ ನಾನು ಬೇರೆ ಮಾಡಿದೆ: ಕೊಳವೆಯೊಳಗಿನ, ಕಣ್ಣಿಗೆ ಕಾಣದ್ದು ಉಗಿ, ಹೊರಗೆ ಬೆಳ್ಳಗೆ ಕಾಣುವುದು ಹಬೆ. ಪುಟದ ಮೊದಲ ಸಾಲಿನಲ್ಲೇ ಇದನ್ನು ಹೇಳಿದ್ದೇನೆ. ಆಮೇಲೆ ಹೀಗೆ ಬರೆದೆ:

'ಮೊದಲು ನೀರು ನೋಡು, ಆಮೇಲೆ ಬೆಂಕಿ ನೋಡು.

ಗಾಜಿನಲ್ಲಿ ನೀರು ಕಾಣದಿದ್ದರೆ ಪಂಪ್ ಮುಟ್ಟಬೇಡ. ಬೆಂಕಿಯನ್ನು ಹೊರಗೆಳೆ.

ಹಬೆ ಕಂಡರೆ, ಹಬೆಗೂ ಕೊಳವೆಗೂ ನಡುವೆ ಕಾಣದ ಉಗಿ ಉಂಟು. ಅಲ್ಲಿಗೆ ಕೈ ಹಾಕಬೇಡ.

ಸಿಳ್ಳೆಯಂಥ ಸದ್ದು ಕೇಳಿಯೂ ಏನೂ ಕಾಣದಿದ್ದರೆ ಅದು ಹೆಚ್ಚು ಅಪಾಯ.'

ಎರಡನೆಯ ಸೂಚನೆ ಸಹಜಬುದ್ಧಿಗೆ ವಿರುದ್ಧ. ನೀರು ಇಲ್ಲ ಅಂದರೆ ನೀರು ಹಾಕಬೇಕು ಅನ್ನಿಸುತ್ತದೆ. ಆದರೆ ಕೆಂಪಗೆ ಕಾದ ಕೊಳವೆಗೆ ತಣ್ಣೀರು ಬಿದ್ದರೆ ಅದು ಒಮ್ಮೆಲೇ ಉಗಿಯಾಗುತ್ತದೆ, ಲೋಹವೂ ಬಿರಿಯಬಹುದು. ಅದಕ್ಕೇ ಮಾಡಬಾರದ್ದನ್ನು ಮೊದಲು ಹೇಳಿ, ಮಾಡಬೇಕಾದ್ದನ್ನು ಆಮೇಲೆ ಹೇಳಿದೆ. ಹುಡುಗರಲ್ಲಿ ಒಬ್ಬ ಓದಿ, 'ಇದು ಗೊತ್ತಾಗ್ತದೆ ಅಕ್ಕ' ಅಂದ. ಇಷ್ಟು ವರ್ಷದ ಓದಿನಲ್ಲಿ ನನಗೆ ಸಿಕ್ಕಿದ ಒಳ್ಳೆಯ ವಿಮರ್ಶೆ ಅದು.

ಪ್ರಶ್ನೋತ್ತರ

ಪ್ರಶ್ನೆ: ಬಾಯ್ಲರಿಗೆ ಕನ್ನಡದ ಪದ ಯಾಕೆ ಹುಡುಕಲಿಲ್ಲ?

ಉತ್ತರ: ಬಾಯ್ಲರ್, ವಾಲ್ವ್, ಗೇಜ್ ಹುಡುಗರ ಬಾಯಲ್ಲಿ ಈಗಾಗಲೇ ಕನ್ನಡವೇ ಆಗಿವೆ ಸರ್. ಅವುಗಳಿಂದ ಯಾರಿಗೂ ಗೊಂದಲ ಇರಲಿಲ್ಲ. ಗೊಂದಲ ಇದ್ದದ್ದು ಉಗಿ ಎಂಬ ನಮ್ಮದೇ ಪದದಲ್ಲಿ.

ಪ್ರಶ್ನೆ: ದೋಣಿ ನೀರಿಗಿಳಿಯಿತಾ?

ಉತ್ತರ: ಇಲ್ಲ. ಉಕ್ಕಿನ ಸುರುಳಿಗಳು ಕೂತಿವೆ. ಕಳೆದ ವಾರ 14 ಕಿಲೋ ಒತ್ತಡದಲ್ಲಿ ತಣ್ಣೀರ ಪರೀಕ್ಷೆ ಮಾಡಿದೆವು. ಒಂದು ಜಾಯಿಂಟಿನಲ್ಲಿ ಹನಿ ಕಂಡಿತು. ಮಾವ ಅದನ್ನು ಬಿಚ್ಚಿಟ್ಟಿದ್ದಾರೆ, ಮತ್ತೆ ಮೊದಲಿನಿಂದ ಪರೀಕ್ಷೆ ಆಗಬೇಕು. ಮಳೆಗಾಲ ಮುಗಿಯಲಿ, ಅವಸರ ಇಲ್ಲ.